ರೇಟ್ ಕೇಳಿದರೆ "ನಿಮ್ಮ ಮನೆಯವ್ರು ಏನ್ ಮಾಡ್ತಾರ್ರಿ" ಅನ್ನುವವರ ಹತ್ತಿರ ನಾಯಿಮರಿ ತಗೋಬೇಡಿ

ಮೊದಲೇ ಹೇಳಿಬಿಡುತ್ತೇನೆ. 24,000 ರೂಪಾಯಿ. ಒಂದು ನಾಯಿಮರಿಗೆ.

ಬೆಂಗಳೂರಿನವರು ಮುಧೋಳ ನಾಯಿ ಅಂತ ಹೋಗಿ ಟೋಪಿ ಹಾಕಿಸಿಕೊಂಡರೆ ಪಾಪ, ಅವರಿಗೇನು ಗೊತ್ತು ಅನ್ನಬಹುದು. ನಾನು ಬಾಗಲಕೋಟೆಯವಳು. ನವನಗರದಿಂದ ಕಲಾದಗಿ, ಲೋಕಾಪುರ ದಾಟಿದರೆ ಮುಧೋಳ. ಗಂಟೆ, ಗಂಟೆಕಾಲು ದಾರಿ. ಹೈಸ್ಕೂಲಿನಲ್ಲಿ ಗಣಿತ ಬೇರೆ ಕಲಿಸುತ್ತೇನೆ! ನಮ್ಮ ಅತ್ತೆ ಈಗಲೂ ಯಾರಾದರೂ ಮನೆಗೆ ಬಂದರೆ ಚಹಾ ಕೊಡುವ ಮೊದಲು ಈ ಕಥೆ ಹೇಳುತ್ತಾರೆ.

ಮಗಳು ಒಂಬತ್ತನೇ ತರಗತಿ. ಎರಡು ವರ್ಷದಿಂದ ನಾಯಿ ಬೇಕು ಅಂತ ಹಟ. ಹುಟ್ಟುಹಬ್ಬಕ್ಕೆ ಕೊಡಿಸೋಣ ಅಂದುಕೊಂಡೆವು. ಫೋನಿನಲ್ಲಿ ಒಂದು ರೀಲ್ ಬಂತು. ಆರು ಮರಿ ಸಾಲಾಗಿ ಮಲಗಿದ್ದವು. ಕೆಳಗೆ "ಪ್ಯೂರ್ ಮುಧೋಳ, ಪೇಪರ್ ಸಮೇತ, ರೇಟಿಗೆ ಇನ್‌ಬಾಕ್ಸ್" ಅಂತ ಬರೆದಿತ್ತು. ಪೇಪರ್ ಅಂದರೆ ನಾಯಿ ಶುದ್ಧ ತಳಿಯದು ಅನ್ನುವ ಪತ್ರ.

ಈ "ರೇಟಿಗೆ ಇನ್‌ಬಾಕ್ಸ್" ನೋಡಿದ ಕೂಡಲೇ ಮುಂದಕ್ಕೆ ತಳ್ಳಬೇಕಿತ್ತು. ತಳ್ಳಲಿಲ್ಲ. ರೇಟ್ ಎಷ್ಟು ಅಂತ ಕೇಳಿದೆ. ಬಂದ ಉತ್ತರ: "ಎಲ್ಲಿ ಇರ್ತೀರ್ರಿ ಅಕ್ಕಾರ? ಸ್ವಂತ ಮನಿ ಐತೇನ್ರಿ? ಮನೆಯವ್ರು ಏನ್ ಮಾಡ್ತಾರ್ರಿ?"

ಇದನ್ನು ಓದಿ ನನಗೆ ಖುಷಿಯಾಯಿತು. ಹೌದು, ಖುಷಿ! ಎಂಥ ಒಳ್ಳೆಯ ಮನುಷ್ಯ, ಮರಿ ಒಳ್ಳೆಯ ಮನೆಗೆ ಹೋಗಲಿ ಅಂತ ವಿಚಾರಿಸುತ್ತಿದ್ದಾನೆ ಅಂದುಕೊಂಡೆ. ಹೆಣ್ಣು ಕೊಡುವವರ ಮುಂದೆ ಹೇಳಿದ ಹಾಗೆ ಎಲ್ಲ ಹೇಳಿದೆ. ನವನಗರದಲ್ಲಿ ಸ್ವಂತ ಮನೆ, ಅಂಗಳ ಇದೆ, ಯಜಮಾನರು ಎಂಜಿನಿಯರ್, ನಾನು ಟೀಚರ್. ಹಳೆ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ್ದನ್ನೂ ಹೇಳಿದೆ. ಅದನ್ನು ಯಾಕೆ ಹೇಳಿದೆನೋ ದೇವರೇ ಬಲ್ಲ.

ಆಮೇಲೂ ರೇಟ್ ಬರಲಿಲ್ಲ. "ಫೋನ್‌ನ್ಯಾಗ ರೇಟ್ ಹೇಳೂದಿಲ್ರಿ. ಇದೇನು ಬದನಿಕಾಯಿ ಅಲ್ಲ, ಜೀವ ಐತಿ. ಬಂದು ಮರಿ ನೋಡ್ರಿ, ನಿಮಗಂತ ಒಂದು ತೆಗೆದಿಟ್ಟೇನಿ." ಆದರೆ ತೆಗೆದಿಡಲು 5,000 ಮುಂಗಡ ಹಾಕಬೇಕಂತೆ. ರೇಟೇ ಗೊತ್ತಿಲ್ಲದ ವಸ್ತುವಿಗೆ ಮುಂಗಡ ಹಾಕಿದೆ. ಇನ್ನೊಮ್ಮೆ ಓದಿ: ರೇಟೇ ಗೊತ್ತಿಲ್ಲದ ವಸ್ತುವಿಗೆ.

ಭಾನುವಾರ ಹೋದೆವು. ಬರಿಗೈಲಿ ಹೋಗಬಾರದು ಅಂತ ಅಮೀನಗಡ ಕರದಂಟಿನ ಡಬ್ಬಿ ಬೇರೆ ಒಯ್ದಿದ್ದೆ. ಅಲ್ಲಿ ನಾನು ರೇಟ್ ಕೇಳಿದಾಗೆಲ್ಲ ಸಿಕ್ಕಿದ್ದು ಇತಿಹಾಸ. ಒಂದು ಸಲ ಕೇಳಿದೆ, ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಜೋಡಿ ನಾಯಿ ಕೊಟ್ಟ ಕಥೆ ಬಂತು. ಎರಡನೇ ಸಲ ಕೇಳಿದೆ, 2005ರಲ್ಲಿ ಈ ನಾಯಿಯ ಅಂಚೆ ಚೀಟಿ ಬಂದದ್ದು. ಮೂರನೇ ಸಲಕ್ಕೆ ಮಿಲಿಟರಿಯವರು ಮೀರತ್‌ಗೆ ಮರಿ ಒಯ್ದದ್ದು, 2020ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು ಈ ತಳಿಯ ಹೆಸರು ಹೇಳಿದ್ದು. ಎಲ್ಲಾ ನಿಜವೇ. ಆದರೆ ಆ ರಾಜನಿಗೂ ಇವನ ಕೊಟ್ಟಿಗೆಗೂ ಏನು ಸಂಬಂಧ ಅಂತ ಆಗ ನನಗೆ ಹೊಳೆಯಲಿಲ್ಲ.

ತಾಯಿ ನಾಯಿ ತೋರಿಸಿ ಅಂದೆ. "ಹೊಲದಾಗ ಐತ್ರಿ, ಮಂದಿ ಕಂಡ್ರ ಕಚ್ಚತೈತಿ." ತಂದೆ? "ಅದು ಬ್ಯಾರೆ ಊರಾಗ." ಅಷ್ಟರಲ್ಲಿ ಮರಿ ಮಗಳ ಮಡಿಲಿಗೆ ಬಂದಿತ್ತು. ಅವಳು ಹೆಸರೂ ಇಟ್ಟಾಗಿತ್ತು, ಭೈರು. ರೇಟ್ ಹೇಳಿದ್ದು ಆಗ. ಗಮನಿಸಿ, ಮಗು ಹೆಸರಿಟ್ಟ ಮೇಲೆ.

ಮರಿಗೆ 14,000. ಗಂಡು ಮರಿ ಅಂತ 2,000. ಪೇಪರಿಗೆ 5,000. ಇಂಜೆಕ್ಷನ್, ಔಷಧ 1,500. ಗುರುತಿಗೆ ಅಂತ ಚರ್ಮದ ಒಳಗೆ ಚಿಪ್ ಹಾಕಿಸಿದ್ದಕ್ಕೆ 1,500. ಕೂಡಿಸಿದರೆ 24,000. ಯಜಮಾನರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. ಅವನು ಮೂವರ ಮುಖವನ್ನೂ ನೋಡುತ್ತಿದ್ದ. ಬಿಲ್ ಕೊಡಿ ಅಂದದ್ದಕ್ಕೆ, "ನಾಯಿಗೆಲ್ಲಿ ಬಿಲ್ಲರಿ ಅಕ್ಕಾರ" ಅಂತ ನಕ್ಕ. ನಾನೂ ನಕ್ಕೆ. ಉಳಿದ 19,000 ಅಲ್ಲೇ ನಿಂತು ಫೋನ್‌ಪೇ ಮಾಡಿದೆವು.

ನಾಲ್ಕನೇ ದಿನ ವಾಂತಿ. ಐದನೇ ದಿನ ರಕ್ತಭೇದಿ. ಪಶು ಆಸ್ಪತ್ರೆಗೆ ಓಡಿದೆವು. ಪಾರ್ವೊ, ನಾಯಿಮರಿಗಳ ಜೀವ ತೆಗೆಯುವ ವೈರಸ್ ರೋಗ. ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿ, "ಎರಡು ತಿಂಗಳ ಮರಿ ಅಂದ್ರಾ? ಐದು ವಾರ ಆಗಿದ್ದರೆ ಹೆಚ್ಚು" ಅಂದರು. ಚಿಪ್ ನೋಡುವ ಯಂತ್ರ ಕುತ್ತಿಗೆ, ಬೆನ್ನು, ಭುಜ ಎಲ್ಲಾ ಕಡೆ ಆಡಿಸಿದರು. ಏನೂ ಇಲ್ಲ. ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರ್ ಇತ್ತು, ಹಾಕಿದ ಡಾಕ್ಟರ ಸಹಿ ಇರಲಿಲ್ಲ.

ಮೋಸ ಹೋದದ್ದು ನಿಜವಾಗಿ ಗೊತ್ತಾದದ್ದು ಇನ್ನೊಂದು ಗಳಿಗೆಯಲ್ಲಿ. ಸಲೈನ್ ಹಚ್ಚಿಸಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕುರಿ ಕಾಯುವ ಹುಡುಗನೊಬ್ಬ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದ. ಅದೇ ಬಣ್ಣ, ಎದೆಯ ಮೇಲೆ ಅದೇ ಬಿಳಿ ಪಟ್ಟೆ, ಅದೇ ರೋಗ. ಮಾತಾಡಿದರೆ ಅದೇ ಮನುಷ್ಯ, ಅದೇ ಸೂಲಿನ ಮರಿ. ಎಷ್ಟು ಕೊಟ್ಟೆಪ್ಪಾ ಅಂತ ಕೇಳಿದೆ.

"ಏಳು ಸಾವಿರರೀ ಅಕ್ಕಾರ. ಜಾಸ್ತಿ ಆತೇನ್ರಿ? ನೀವೆಷ್ಟ ಕೊಟ್ಟೀರಿ?"

ನಾನು "ಅಷ್ಟೇಪ್ಪಾ" ಅಂದುಬಿಟ್ಟೆ. ನಾಚಿಕೆ ಆಯಿತು. ಅವನಿಗೆ ಸುಳ್ಳು ಹೇಳಿದೆ, ನನ್ನ ಮರ್ಯಾದೆ ಉಳಿಸಿಕೊಳ್ಳಲು!

ರಾತ್ರಿ ವಾಟ್ಸಾಪ್ ಮಾಡಿದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಮರಿಗೆ ರೋಗ ಇತ್ತು ಅಂದದ್ದಕ್ಕೆ: "ಇಲ್ಲಿ ಜಿಗಿದಾಡತಿತ್ರಿ, ಪಾಕೀಟ ಹಾಲು ಕುಡಿಸಿ ನೀವ ಕೆಡಿಸೀರಿ." ಚಿಪ್ ಎಲ್ಲಿ ಅಂದದ್ದಕ್ಕೆ: "ಒಳಗ ಸರದಿರತೈತಿ, ಬ್ಯಾರೆ ಡಾಕ್ಟರಿಗೆ ತೋರಸ್ರಿ." ಪೇಪರ್ ಎಲ್ಲಿ ಅಂದದ್ದಕ್ಕೆ: "ಬರತೈತ್ರಿ." ಇದು ನಾಲ್ಕು ತಿಂಗಳಿನಿಂದ ಬರುತ್ತಲೇ ಇದೆ. ಕೊನೆಗೆ, ಆ ಹುಡುಗನಿಗೆ 7,000 ನನಗೆ 24,000 ಯಾಕೆ ಅಂದೆ.

"ಅವ ಬಡವ ಅದಾನಂತ ಕಡಿಮಿ ಕೊಟ್ಟೇನ್ರಿ ಅಕ್ಕಾರ. ಅವಗ ಪೇಪರ್ ಗೀಪರ್ ಏನಿಲ್ಲ. ನೀವು ಸಾಹೇಬ್ರ ಮನಿಯವ್ರು. ರೇಟ್ ಕೇಳೇ ತಗೊಂಡೀರಿ, ನಾನೇನು ಕಸಗೊಂಡೇನ?"

ನೋಡಿ, ಇದಕ್ಕೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಬಡವನಿಗೆ ಕಡಿಮೆ ಕೊಟ್ಟರೆ ನಾನು ಬೇಡ ಅನ್ನಲೇ? ಆದರೆ ಅದು ದಾನ ಅಲ್ಲ. ಆ ಹುಡುಗನಿಗೂ ರೋಗದ ಮರಿಯನ್ನೇ ಕೊಟ್ಟಿದ್ದಾನಲ್ಲ. ಮಾರನೇ ದಿನ ನನ್ನ ನಂಬರ್ ಬ್ಲಾಕ್.

ನಮ್ಮ ಅಪ್ಪ ಎತ್ತಿನ ವ್ಯಾಪಾರ ನೋಡಿದವರು. ಅಮೀನಗಡ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡುತ್ತಿದ್ದರಲ್ಲ, ಅದೂ ಗುಟ್ಟಿನ ವ್ಯಾಪಾರವೇ. ಇವನು ಮಾಡಿದ್ದರಲ್ಲಿ ಏನು ಬೇರೆ ಅಂತ ಅಪ್ಪನನ್ನು ಕೇಳಿದೆ. "ಅಲ್ಲಿ ಟವೆಲ್ ಕೆಳಗ ಇಬ್ಬರದೂ ಕೈ ಇರತಿತ್ತಬೇ. ಮತ್ತ ಎತ್ತಿನ ಹಲ್ಲ ನೋಡಿ ದರ ಮಾಡತಿದ್ವಿ, ತಗೊಳ್ಳಾವನ ಹಲ್ಲ ನೋಡಿ ಅಲ್ಲ" ಅಂದರು.

ನಮ್ಮ ಸ್ಕೂಲಿನ ಸಹೋದ್ಯೋಗಿಯ ತಮ್ಮ ಮುಧೋಳದ ಕಡೆ ನಾಯಿ ಸಾಕುತ್ತಾರೆ. ಅವರೂ ರೇಟ್ ಬರೆದು ಹಾಕುವುದಿಲ್ಲ. ಬರೆದರೆ ದಲ್ಲಾಳಿಗಳು ಅದೇ ಫೋಟೋ ಎತ್ತಿಕೊಂಡು ಇನ್ನೆರಡು ಸಾವಿರ ಸೇರಿಸಿ ಹಾಕುತ್ತಾರಂತೆ. ದಿನಕ್ಕೆ ನೂರು ಜನ "ಲಾಸ್ಟ್ ಎಷ್ಟು" ಅಂತ ತಲೆ ತಿನ್ನುತ್ತಾರಂತೆ. ಸರಿ, ಇರಬಹುದು. ಆದರೆ ಅವರು ಮೊದಲ ಫೋನಿಗೇ ರೇಟ್ ಹೇಳುತ್ತಾರೆ, ಕೇಳಿದವರು ಯಾರೇ ಆಗಿರಲಿ. ನನಗೆ ಬೇಕಿದ್ದದ್ದು ಅಷ್ಟೇ. ಬರೆದು ಹಾಕಿದರೆ ಇನ್ನೂ ಒಳ್ಳೆಯದು ಅಂತ ನಾನು ಈಗಲೂ ಜಗಳ ಆಡುತ್ತೇನೆ. ಬಟ್ಟೆ ಅಂಗಡಿಯಲ್ಲಿ ಚೀಟಿ ಇಲ್ಲದ ಸೀರೆ ಮುಟ್ಟಲು ಹೆದರುತ್ತೇವೆ, ಹತ್ತು ಹನ್ನೆರಡು ವರ್ಷ ಮನೆಯಲ್ಲಿರುವ ಜೀವಕ್ಕೆ ಮಾತ್ರ ಯಾಕೆ ಈ ಗುಟ್ಟು? ಹಾಗಂತ 3,000ಕ್ಕೆ ಪ್ಯೂರ್ ಮರಿ ಅಂತ ದೊಡ್ಡದಾಗಿ ಬರೆದು, ಮುಂಗಡ ನುಂಗಿ ಫೋನ್ ಆಫ್ ಮಾಡುವವರೂ ಇದ್ದಾರೆ. ಅವರದು ಇನ್ನೊಂದು ಕಥೆ.

ತಗೊಳ್ಳುವವರು ಇಷ್ಟು ಮಾಡಿ. ನೀವು ಯಾರು, ಏನು ಕೆಲಸ ಅಂತ ಹೇಳುವ ಮೊದಲು ರೇಟ್ ಕೇಳಿ, ಪೇಪರ್, ಇಂಜೆಕ್ಷನ್ ಎಲ್ಲಾ ಸೇರಿಸಿ ಒಂದೇ ಮಾತಿನಲ್ಲಿ. ತಾಯಿಯನ್ನು ತೋರಿಸದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ನಾಯಿ ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತ 2017ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಆ ನೋಂದಣಿ ಪತ್ರ ತೋರಿಸಿ ಅನ್ನಿ. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗಲೇಬೇಡಿ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿ ಕೇಳಿದ್ದರೆ ಆಗುತ್ತಿತ್ತು. ಕಾಯಬೇಕಾಗುತ್ತದೆ, ಹುಟ್ಟುಹಬ್ಬಕ್ಕೆ ಸಿಗುವುದಿಲ್ಲ ಅಂತ ನಾನೇ ಬಿಟ್ಟೆ. ತಪ್ಪು ನನ್ನದೇ.

ಭೈರು ಬದುಕಿದ. ಏಳು ದಿನ ಸಲೈನ್, ಅದರ ಖರ್ಚು ಬೇರೆ. ಈಗ ಬೆಳೆದಿದ್ದಾನೆ. ಮುಧೋಳ ನಾಯಿಯ ಉದ್ದ ಮೂತಿ, ಒಳಗೆ ಸೇದಿದ ಹೊಟ್ಟೆ ಏನೂ ಕಾಣುತ್ತಿಲ್ಲ. ಬಾಲ ಸುರುಳಿ ಸುತ್ತಿದೆ. ಓಣಿಯವರು "ಜವಾರಿ ಚಲೋ ಐತಿ" ಅನ್ನುತ್ತಾರೆ. ಮಗಳಿಗೆ ಅದೇನೂ ಬೇಕಾಗಿಲ್ಲ.

ಹೋದ ವಾರ ಅದೇ ರೀಲ್ ಮತ್ತೆ ಬಂತು. ನನ್ನ ತಂಗಿಯ ಮಗ ತಮಾಷೆಗೆ ಅಂತ ಮೆಸೇಜ್ ಹಾಕಿದ, ನಾನು ಬೆಂಗಳೂರಿನಲ್ಲಿ ಬ್ಯಾಂಕ್ ಮ್ಯಾನೇಜರ್ ಅಂತ. ಅವನು ಇನ್ನೂ ಡಿಗ್ರಿ ಎರಡನೇ ವರ್ಷ. ಹತ್ತು ನಿಮಿಷಕ್ಕೆ ಉತ್ತರ ಬಂತು: "35,000 ಆಗತೈತ್ರಿ ಸರ. ನಿಮಗಂತ ಒಂದು ತೆಗೆದಿಟ್ಟೇನಿ."