ಎ501: ಅಮೀಗಾ 500ಕ್ಕೆ ಇನ್ನರ್ಧ ಮೆಗಾಬೈಟ್

ಕಮೊಡೋರ್ ಸಂಸ್ಥೆ 1987ರಲ್ಲಿ ಮಾರುಕಟ್ಟೆಗೆ ತಂದ ಅಮೀಗಾ 500 ಗಣಕದಲ್ಲಿದ್ದ ಮೆಮೊರಿ 512 ಕಿಲೋಬೈಟ್. ಗಣಕದ ಅಡಿಯಲ್ಲಿರುವ ಪುಟ್ಟ ಮುಚ್ಚಳವನ್ನು ತೆಗೆದು ಒಳಗೆ ಕೂರಿಸುವ ಎ501 ಬೋರ್ಡು ಅಷ್ಟೇ ಪ್ರಮಾಣದ ಮೆಮೊರಿಯನ್ನೂ, ಬ್ಯಾಟರಿಯ ಬಲದಿಂದ ನಡೆಯುವ ಗಡಿಯಾರವೊಂದನ್ನೂ ಸೇರಿಸುತ್ತದೆ. ಈ ಗಣಕವನ್ನು ಇಂದಿಗೂ ಬಳಸುತ್ತಿರುವವರು ಮೊದಲು ಕೊಳ್ಳಬೇಕಾದ ಉಪಕರಣ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಮೆಮೊರಿ ಇಮ್ಮಡಿಯಾದರೆ ಗಣಕದ ವೇಗವೂ ಹೆಚ್ಚುತ್ತದೆ ಎಂದು ನಂಬಿ ಕೊಳ್ಳುವವರಿಗೆ ನಿರಾಸೆಯಾಗುತ್ತದೆ. ಅದಕ್ಕೆ ಕಾರಣ ಈ ಮೆಮೊರಿ ಕುಳಿತಿರುವ ಜಾಗ.

ಅಮೀಗಾದಲ್ಲಿ ಮೆಮೊರಿಯನ್ನು ಬಳಸುವುದು 68000 ಪ್ರೊಸೆಸರ್ ಒಂದೇ ಅಲ್ಲ. ಚಿತ್ರ, ಧ್ವನಿ ಮತ್ತು ಫ್ಲಾಪಿಯ ಕೆಲಸಗಳಿಗಾಗಿ ಇರುವ ವಿಶೇಷ ಚಿಪ್‌ಗಳಿಗೂ ಮೆಮೊರಿ ಬೇಕು, ಮತ್ತು ಅವುಗಳ ಪರವಾಗಿ ಆ ವ್ಯವಹಾರವನ್ನೆಲ್ಲ ನಡೆಸುವುದು ಅಗ್ನಸ್ ಎಂಬ ಚಿಪ್. ಅಗ್ನಸ್‌ಗೆ ಎಟುಕುವ ಮೆಮೊರಿಯನ್ನು ಚಿಪ್ ರ‍್ಯಾಮ್ ಎಂದೂ, ಪ್ರೊಸೆಸರ್ ಮಾತ್ರ ತಡೆಯಿಲ್ಲದೆ ಬಳಸುವ ಮೆಮೊರಿಯನ್ನು ಫಾಸ್ಟ್ ರ‍್ಯಾಮ್ ಎಂದೂ ಕರೆಯುತ್ತಾರೆ. ಎ501ರ ಮೆಮೊರಿ ಈ ಎರಡಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ಅದು ಅಗ್ನಸ್ ನಿಯಂತ್ರಿಸುವ ಬಸ್ಸಿಗೇ, ಎಂದರೆ ಮಾಹಿತಿ ಸಾಗುವ ತಂತಿಗಳ ಹಾದಿಗೇ, ಜೋಡಣೆಯಾಗಿರುವುದರಿಂದ ಪ್ರೊಸೆಸರ್ ತನ್ನ ಸರದಿಗಾಗಿ ಕಾಯಬೇಕಾಗುತ್ತದೆ. ಆದರೆ ಅದರ ವಿಳಾಸ ಸಿ00000 ಎಂಬ ಬಹು ಮೇಲಿನ ಸ್ಥಾನದಿಂದ ಆರಂಭವಾಗುವುದರಿಂದ, ಕೇವಲ 512 ಕಿಲೋಬೈಟ್‌ವರೆಗೆ ವಿಳಾಸ ಹೇಳಬಲ್ಲ ಮೊದಲಿನ ಅಗ್ನಸ್‌ಗೆ ಅದು ಎಟುಕುವುದೇ ಇಲ್ಲ. ಬಳಕೆದಾರರು ಇದಕ್ಕೆ ಸ್ಲೋ ರ‍್ಯಾಮ್ ಎಂದು ಹೆಸರಿಟ್ಟದ್ದು ನ್ಯಾಯವಾಗಿಯೇ ಇದೆ. ನಾಲ್ಕು ಬಣ್ಣಗಳ, ಅಮೀಗಾದ ಸಾಮಾನ್ಯ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ ಪರದೆಯಲ್ಲಿ ಈ ಕಾಯುವಿಕೆ ಅನುಭವಕ್ಕೆ ಬರುವುದಿಲ್ಲ, ಆದರೆ ಹೈ-ರೆಸಲ್ಯೂಶನ್ನಿನಲ್ಲಿ 16 ಬಣ್ಣಗಳ ಪರದೆ ತೆರೆದೊಡನೆ ಪ್ರೊಸೆಸರ್‌ಗೆ ಸಿಗುವ ಅವಕಾಶಗಳು ಕಡಿಮೆಯಾಗಿ ಎಲ್ಲ ಕೆಲಸವೂ ಎದ್ದು ಕಾಣುವಷ್ಟು ನಿಧಾನವಾಗುತ್ತದೆ. ಎಡಬದಿಯ ಕನೆಕ್ಟರಿಗೆ ಜೋಡಿಸುವ ಎ590 ಹಾರ್ಡ್ ಡಿಸ್ಕ್ ಘಟಕದಲ್ಲಿ 2 ಮೆಗಾಬೈಟ್‌ವರೆಗೆ ಹಾಕಬಹುದಾದ ಮೆಮೊರಿ ನಿಜವಾದ ಫಾಸ್ಟ್ ರ‍್ಯಾಮ್ ಆದ್ದರಿಂದ ಅದಕ್ಕೆ ಈ ತೊಡಕಿಲ್ಲ.

ಇಷ್ಟಾದರೂ ಎ501ರಿಂದ ಆಗುವ ಉಪಕಾರ ದೊಡ್ಡದು. ಚಿಪ್ ರ‍್ಯಾಮೇ ಬೇಕೆಂದು ಪ್ರೋಗ್ರಾಂ ಸ್ಪಷ್ಟವಾಗಿ ಕೇಳದಿದ್ದರೆ ಆಪರೇಟಿಂಗ್ ಸಿಸ್ಟಮ್ ಮೊದಲು ಈ ಹೊಸ ಭಾಗವನ್ನೇ ಹಂಚುತ್ತದೆ. ಸಂಗೀತ ರಚಿಸುವ ಟ್ರ್ಯಾಕರ್ ಪ್ರೋಗ್ರಾಂಗಳಲ್ಲಿ ಧ್ವನಿ ತುಣುಕುಗಳು ಚಿಪ್ ರ‍್ಯಾಮಿನಲ್ಲೇ ಇರಬೇಕು, ಏಕೆಂದರೆ ಅವುಗಳನ್ನು ನುಡಿಸುವ ಪೌಲಾ ಚಿಪ್ಪಿಗೆ ಬೇರೆಲ್ಲಿಂದಲೂ ಓದಲಾಗುವುದಿಲ್ಲ. ಪ್ರೋಗ್ರಾಮಿನ ಸೂಚನೆಗಳು ಎ501ಕ್ಕೆ ಸರಿದುಹೋದರೆ ಆ ತುಣುಕುಗಳಿಗೆ ಅಷ್ಟು ಜಾಗ ಹೆಚ್ಚಾಗಿ ಉಳಿಯುತ್ತದೆ. ಒಂದೇ ಫ್ಲಾಪಿ ಡ್ರೈವ್ ಇರುವವರು ಪದೇ ಪದೇ ಬೇಕಾಗುವ ಕಮಾಂಡುಗಳನ್ನು, ಮೆಮೊರಿಯ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವ ರ‍್ಯಾಮ್ ಡಿಸ್ಕಿಗೆ ನಕಲು ಮಾಡಿಟ್ಟುಕೊಂಡು, ಡಿಸ್ಕ್ ಬದಲಿಸುವ ಬೇಸರದಿಂದ ಪಾರಾಗಬಹುದು. ಡಂಜನ್ ಮಾಸ್ಟರ್‌ನಂತಹ ಆಟಗಳಂತೂ 1 ಮೆಗಾಬೈಟ್ ಇಲ್ಲದೆ ನಡೆಯುವುದೇ ಇಲ್ಲ.

ಜೋಡಣೆ ಸುಲಭ: ವಿದ್ಯುತ್ ಸಂಪರ್ಕ ತೆಗೆದು, ಗಣಕವನ್ನು ಮಗುಚಿ, ಬೋರ್ಡನ್ನು ಪಿನ್‌ಗಳ ನೇರಕ್ಕೆ ಹಿಡಿದು ಒತ್ತಿದರೆ ಸಾಕು.

ಈ ಬೋರ್ಡಿನ ದೊಡ್ಡ ದೋಷ ಗಡಿಯಾರಕ್ಕಾಗಿ ಬೆಸುಗೆ ಹಾಕಿರುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ವರ್ಷಗಳು ಕಳೆದಂತೆ ಅದು ಸೋರಿ, ಹೊರಬಂದ ಕ್ಷಾರವು ಸುತ್ತಲಿನ ತಾಮ್ರದ ಎಳೆಗಳನ್ನು ತಿಂದುಹಾಕುತ್ತದೆ. ಹಾನಿಯೆಲ್ಲ ಲೋಹದ ಕವಚದ ಮರೆಯಲ್ಲಿ ನಡೆಯುವುದರಿಂದ ಹೊರಗಿನಿಂದ ನೋಡಿದವರಿಗೆ ಅದರ ಸುಳಿವೂ ಸಿಗುವುದಿಲ್ಲ. ಹಳೆಯ ಬೋರ್ಡನ್ನು ಕೊಳ್ಳುವವರು ಕವಚ ಬಿಚ್ಚಿದ ಚಿತ್ರವನ್ನು ಕೇಳದೆ ಹಣ ಕೊಡಬಾರದು. ಬೋರ್ಡು ಕೈಗೆ ಬಂದೊಡನೆ ಬ್ಯಾಟರಿಯನ್ನು ಕಿತ್ತು, ಸೋರಿದ ಜಾಗವನ್ನು ವಿನೆಗರ್‌ನಿಂದ ಒರೆಸಿ, ಬಳಿಕ ಶುದ್ಧಗೊಳಿಸಬೇಕು. ಅದರ ಜಾಗದಲ್ಲಿ ಸಿಆರ್2032 ನಾಣ್ಯಾಕಾರದ ಸೆಲ್ ಹಾಕುವುದಾದರೆ ಜೊತೆಗೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದು ಅತ್ಯಗತ್ಯ, ಏಕೆಂದರೆ ಈ ಸೆಲ್ ಚಾರ್ಜ್ ಮಾಡುವಂಥದ್ದಲ್ಲ, ಆದರೆ ಬೋರ್ಡು ಅದನ್ನು ಚಾರ್ಜ್ ಮಾಡಲು ಯತ್ನಿಸುತ್ತದೆ. ಇಷ್ಟು ಕೆಲಸ ಬೇಡವೆನ್ನುವವರಿಗೆ ಹವ್ಯಾಸಿಗಳು ಇಂದು ತಯಾರಿಸುತ್ತಿರುವ ಹೊಸ ಬೋರ್ಡುಗಳೇ ಸೂಕ್ತ.

ಅಮೀಗಾದ ಮದರ್‌ಬೋರ್ಡಿನಲ್ಲಿ 8372ಎ ಎಂಬ ನಂತರದ ಅಗ್ನಸ್ ಇದ್ದರೆ ಇನ್ನೊಂದು ಅನುಕೂಲವಿದೆ. ಜೆಪಿ2 ಎಂಬ ಜಂಪರನ್ನು (ಮದರ್‌ಬೋರ್ಡಿನ ಮೇಲೆ ಆಯ್ಕೆಗಾಗಿ ಇರುವ ಪುಟ್ಟ ಸಂಪರ್ಕ) ಬದಲಿಸಿ, ಜೆಪಿ7ಎ ಸಂಪರ್ಕವನ್ನು ಕತ್ತರಿಸಿದರೆ ಎ501ರ ಮೆಮೊರಿಯೂ ಚಿಪ್ ರ‍್ಯಾಮ್ ಆಗಿ, ಪೂರ್ಣ 1 ಮೆಗಾಬೈಟ್ ಚಿತ್ರ ಮತ್ತು ಧ್ವನಿಗಳಿಗೆ ಒದಗುತ್ತದೆ. ಸಂಗೀತ ರಚಿಸುವವರು, ಚಿತ್ರ ಬಿಡಿಸುವವರು ಇದನ್ನು ಮಾಡಿಸಿಕೊಳ್ಳಲೇಬೇಕು. ಆದರೆ ಹೆಚ್ಚುವರಿ ಮೆಮೊರಿ ಸಿ00000 ವಿಳಾಸದಲ್ಲೇ ಇರುತ್ತದೆಂದು ನೆಚ್ಚಿ ಬರೆದ ಕೆಲವು ಹಳೆಯ ಆಟಗಳು ಆ ಬಳಿಕ ಅದನ್ನು ಕಾಣಲಾರವು. ಆದ್ದರಿಂದ ಆಟಗಳಿಗಾಗಿಯೇ ಅಮೀಗಾ ಇಟ್ಟುಕೊಂಡಿರುವವರು ಜಂಪರನ್ನು ಮುಟ್ಟದೆ, ಎ501 ಅನ್ನು ಇದ್ದಂತೆಯೇ ಬಳಸುವುದು ಲೇಸು.