ಒಂದು ಕಾದಂಬರಿ, ಒಂದು ಚಿತ್ರ, ಮುಂದಿನ ಪ್ರವಾಸ

ಇತ್ತೀಚೆಗೆ ಓದಿ ಮುಗಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಉದಾರ ಕಾದಂಬರಿ. ಒಡೆಯರಿಗೆ ಸಿಗುವಷ್ಟೇ ಗಮನ ಜೀತದಾಳು ನಾಯಿಗುತ್ತಿಗೂ, ಅವನ ಬೆನ್ನು ಬಿಡದ ನಾಯಿ ಹುಲಿಯನಿಗೂ ಇಲ್ಲಿ ಸಿಗುತ್ತದೆ. ತುಂಬಿ ಹರಿಯುವ ತುಂಗೆಯನ್ನು ಅವರು ದಾಟಲು ಹೊರಡುವ ಪುಟಗಳನ್ನು ಓದುವಾಗ ಗಂಟಲು ಕಟ್ಟಿತು. ಆರಂಭದಲ್ಲಿ ಮನೆತನಗಳ ಹೆಸರುಗಳು ಗೊಂದಲ ಹುಟ್ಟಿಸುತ್ತವೆ, ನಿಜ. ಆದರೂ ಪುಸ್ತಕವನ್ನು ಕೈಬಿಡಬಾರದು.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಬಾಲಕ ನಾಣಿಯ ಕಣ್ಣುಗಳ ಮೂಲಕ ವಿಧವೆ ಯಮುನಕ್ಕನ ದುರಂತವನ್ನು ತೋರಿಸುವ ಕಪ್ಪು-ಬಿಳುಪು ಚಿತ್ರ. ಅದರ ಸಂಯಮ ನನಗೆ ತುಂಬ ಹಿಡಿಸಿತು.

ಮಳೆಗಾಲ ಕಳೆದ ಮೇಲೆ ಕುವೆಂಪು ಬೆಳೆದ ಊರಾದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ, ಅವರ ಮನೆಯಾದ ಕವಿಮನೆಯನ್ನು ಸಾವಕಾಶವಾಗಿ ನೋಡಿ, ಕವಿಶೈಲದ ಗುಡ್ಡವನ್ನು ಹತ್ತಿ, ಮರುದಿನ ಆಗುಂಬೆಯ ಕಡೆಗೆ ಹೊರಡಬೇಕೆಂದಿದ್ದೇನೆ.