ಕಯಾಕಿನ ಡೆಕ್ಕಿಗೆ ಸಮನಾಗಿ ಕೂರುವ ಮುಚ್ಚಳ: ಪಟ್ಟಿಯೋ, ಅಯಸ್ಕಾಂತವೋ, ಒಳಗಿನ ಬಂಜಿ ಹಗ್ಗವೋ?

4 ಮಿ.ಮೀ. ದಪ್ಪದ ಮರೈನ್ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಎಪಾಕ್ಸಿಯಿಂದ ಬೆಸೆದು ಕಟ್ಟಿದ ನನ್ನ ಕಯಾಕಿಗೆ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಹಿಂದೆ ಮುಂದೆ ಒಂದೊಂದು ಸಾಮಾನಿನ ಗೂಡು ಇದೆ. ದೋಣಿ ಮಗುಚಿ, ಕೂರುವ ಜಾಗದಲ್ಲಿ ನೀರು ತುಂಬಿದಾಗ ಅದನ್ನು ತೇಲಿಸಿ ಹಿಡಿಯುವುದು ಈ ಗೂಡುಗಳೊಳಗಿನ ಗಾಳಿ. ಆದ್ದರಿಂದ ಮುಚ್ಚಳ ಸೋರದಿರುವುದು ಅಂದಚಂದಕ್ಕಿಂತ ಮೊದಲು ಜೀವದ ಪ್ರಶ್ನೆ. ಹಿಂದಿನ ಗೂಡಿನ ಮುಚ್ಚಳವನ್ನು ಬಿಗಿಯಲು ಮೂರು ಬಗೆಗಳನ್ನು ಒಂದಾದ ಮೇಲೊಂದರಂತೆ ಅಳವಡಿಸಿ, ಗಂಗೊಳ್ಳಿಯ ಅಳಿವೆಯಲ್ಲಿ ಬಳಸಿ ನೋಡಿದ್ದೇನೆ.

ಮೂರಕ್ಕೂ ಅಡಿಪಾಯ ಒಂದೇ. ಮುಚ್ಚಳವನ್ನು ಡೆಕ್ಕಿನಿಂದಲೇ, ಅಂದರೆ ದೋಣಿಯ ಮೇಲುಹಲಗೆಯಿಂದಲೇ, ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿದರೆ ಮರದ ಎಳೆಗಳು ಅಲ್ಲಿಂದಿಲ್ಲಿಗೆ ಹೊಂದಿಕೊಂಡೇ ಉಳಿಯುತ್ತವೆ. ಕಿಂಡಿಯ ಕೆಳಗೆ 25 ಮಿ.ಮೀ. ಒಳಚಾಚಿದ ಫೈಬರ್‌ಗ್ಲಾಸ್ ಅಂಚನ್ನು, ಅದಕ್ಕೂ ಮುಚ್ಚಳಕ್ಕೂ ನಡುವೆ ನೀರು ತಡೆಯಲು ಹಾಕುವ ರಬ್ಬರ್ ಒತ್ತಿಕೊಂಡಾಗಿನ ದಪ್ಪದಷ್ಟು ತಗ್ಗಿಸಿ ಕೂರಿಸಬೇಕು. ಕತ್ತರಿಸಿ ತೆಗೆದ ತೆಳು ಪ್ಲೈವುಡ್ ತನ್ನ ಬಾಗನ್ನು ಬಿಟ್ಟು ಚಪ್ಪಟೆಯಾಗಲು ನೋಡುತ್ತದೆ. ಅದರ ಒಳಮೈಗೆ ಫೈಬರ್‌ಗ್ಲಾಸ್ ಬಟ್ಟೆಯನ್ನೂ, ಡೆಕ್ಕಿನ ಬಾಗಿಗೆ ಸರಿಯಾಗಿ ಕೆತ್ತಿದ ಎರಡು ಅಡ್ಡಪಟ್ಟಿಗಳನ್ನೂ ಅಂಟಿಸದಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಮೊದಲು ಹಾಕಿದ್ದು ಮೇಲಿನಿಂದ ಬಿಗಿಯುವ ಎರಡು ನೈಲಾನ್ ಪಟ್ಟಿ ಮತ್ತು ಬಕಲ್. ಇದು ನಂಬಿಕೆಗೆ ಯೋಗ್ಯವಾದ ಏರ್ಪಾಡು. ಆದರೆ ನೀರಿನಿಂದ ಹಿಂದಿನ ಡೆಕ್ಕಿನ ಮೇಲೆ ಎದೆಯೂರಿ ಹತ್ತುವಾಗ ಲೈಫ್ ಜಾಕೆಟ್ ಬಕಲ್‌ಗೆ ಸಿಕ್ಕಿಕೊಳ್ಳುತ್ತದೆ.

ಅಯಸ್ಕಾಂತದ ಮೇಲೆ ನನಗೆ ಬಹಳ ಭರವಸೆಯಿತ್ತು. 20 ಮಿ.ಮೀ. ಅಗಲದ ಹನ್ನೆರಡು ನಿಯೋಡಿಮಿಯಮ್ ಬಿಲ್ಲೆಗಳನ್ನು ಎಪಾಕ್ಸಿಯಲ್ಲಿ ಹುದುಗಿಸಿದ್ದೆ. ರಬ್ಬರ್ ಹಾಕುವ ಮೊದಲು ಮುಚ್ಚಳವನ್ನು ಎರಡು ಕೈಯಿಂದ ಕಿತ್ತರೂ ಏಳುತ್ತಿರಲಿಲ್ಲ. ರಬ್ಬರ್ ಹಾಕಿದೊಡನೆ ಲೆಕ್ಕ ತಲೆಕೆಳಗಾಯಿತು: ಅಯಸ್ಕಾಂತದ ಸೆಳೆತ ಅಂತರ ಹೆಚ್ಚಿದಂತೆ ಬಹು ಬೇಗ ಕುಗ್ಗುತ್ತದೆ, ಇತ್ತ ರಬ್ಬರ್ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಒಂದು ಬಿಲ್ಲೆಯ ನಿಕಲ್ ಲೇಪನ ಗೀರಿದ್ದ ಕಡೆ ಉಪ್ಪುನೀರು ಸೇರಿ, ತುಕ್ಕು ಉಬ್ಬಿ, ಮೇಲಿನ ಎಪಾಕ್ಸಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಮುಂದಿನ ಗೂಡಿಗಂತೂ ಇದು ಬೇಡವೇ ಬೇಡ. ಅದರ ಪಕ್ಕದಲ್ಲೇ ದಿಕ್ಸೂಚಿ ಇರುತ್ತದೆ.

ಮೂರನೆಯದು ಕಣ್ಣಿಗೆ ಕಾಣದ ಬಗೆ. ಮುಚ್ಚಳದ ಒಳಮೈಯಲ್ಲಿ ಗಟ್ಟಿಮರದ ಆರು ಕೊಕ್ಕೆಗಳು, ಡೆಕ್ಕಿನ ಅಡಿಯಿಂದ ಅವುಗಳಿಗೆ ಎಳೆದು ಸಿಕ್ಕಿಸುವ 6 ಮಿ.ಮೀ. ದಪ್ಪದ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಬಂಜಿ ಹಗ್ಗ. ಅಂಚಿನ ಪುಟ್ಟ ದಾರದ ಕುಣಿಕೆ ಹಿಡಿದೆತ್ತಿದರೆ ಮುಚ್ಚಳ ಕೈ ತೂರುವಷ್ಟು ಮೇಲೇಳುತ್ತದೆ; ಕೈಬಿಟ್ಟರೆ ಸುತ್ತಲಿಂದಲೂ ಒಂದೇ ಸಮನೆ ಕೆಳಗೆಳೆದುಕೊಂಡು ಕೂರುತ್ತದೆ. ಒದ್ದೆ ಬೆರಳುಗಳಿಂದ ಕೊಕ್ಕೆ ಬಿಡಿಸುವುದು ನಿಧಾನ, ಹಗ್ಗವೂ ಸಡಿಲವಾಗುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ.

ದೋಣಿಯನ್ನು ಅರ್ಧ ಗಂಟೆ ಮಗುಚಿಟ್ಟು ನೋಡಿದಾಗ ಪಟ್ಟಿಗಳಿದ್ದಾಗ ಒಂದು ಲೋಟದಷ್ಟು, ಅಯಸ್ಕಾಂತವಿದ್ದಾಗ ಲೀಟರಿಗೂ ಮೀರಿ ನೀರು ಒಳಬಂದಿತ್ತು. ಬಂಜಿಯಲ್ಲಿ ಸ್ಪಂಜಿನಿಂದ ಒಂದು ಸಲ ಒರೆಸುವಷ್ಟು ಮಾತ್ರ. ಕತ್ತಲೆಯಲ್ಲಿ ಗೂಡಿನೊಳಗೆ ಟಾರ್ಚ್ ಹಚ್ಚಿಟ್ಟಾಗ ಬೆಳಕಿನ ಗೆರೆ ಕಂಡ ಒಂದು ಮೂಲೆಯೇ ಆ ತೇವಕ್ಕೂ ಕಾರಣ. ಅಲ್ಲಿದ್ದ ಸ್ಪಂಜ್ ರಬ್ಬರ್ ಕಿತ್ತು, ಅಂಚಿನ ಮೇಲೆ ಸಿಲಿಕೋನ್ ಸುರಿದು, ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳವನ್ನು ಡೆಕ್ಕಿಗೆ ಸಮನಾಗಿ ಕೂರಿಸಿ ಒಂದು ದಿನ ಬಿಟ್ಟೆ. ಅದು ಆ ಸಂದಿನ ಆಕಾರವನ್ನೇ ತಳೆಯಿತು. ವಾರ್ನಿಷ್ ಕೆಲಸವನ್ನು ಮಾತ್ರ ಮೊದಲೇ ಮುಗಿಸಿರಬೇಕು. ಸಿಲಿಕೋನ್ ಸೋಕಿದ ಕಡೆ ಮತ್ತೆ ಏನೂ ಹಿಡಿಯುವುದಿಲ್ಲ. ಇಷ್ಟು ಬಿಗಿಯಾದ ಗೂಡಿಗೂ ಕೂರುವ ಜಾಗಕ್ಕೂ ನಡುವಿನ ಒಳಗೋಡೆಗೆ 2 ಮಿ.ಮೀ. ರಂಧ್ರ ಬೇಕೇಬೇಕು; ಇಲ್ಲದಿದ್ದರೆ ಬಿಸಿಲಿಗೆ ಹಿಗ್ಗಿದ ಗಾಳಿ ಹೊರಹೋಗಿ, ದೋಣಿ ತಣ್ಣೀರಿಗಿಳಿದಾಗ ಒಳಗಿನ ಒತ್ತಡ ಕುಗ್ಗಿದರೆ ಮುಚ್ಚಳದ ಸಂದಿನಿಂದಲೇ ನೀರು ಎಳೆದುಕೊಳ್ಳುತ್ತದೆ.